ಯಾವ ಬಂಕಿನ ಪೆಟ್ರೋಲು

ಇವತ್ತು ಬೆಳಿಗ್ಗೆ ಆರ್.ಟಿ. ನಗರದಲ್ಲಿ ಪೆಟ್ರೋಲ್ ಹಾಕಿಸಿ, ಟ್ಯಾಂಕಿನ ಮುಚ್ಚಳ ತಿರುಗಿಸಿದ ಬೆರಳನ್ನು ಮೂಸಿಕೊಂಡೆ. ಪಕ್ಕದಲ್ಲಿದ್ದಿದ್ದರೆ ನೀವು ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದಿರಿ. ಪೆಟ್ರೋಲನ್ನು ಪರೀಕ್ಷಿಸುವ ಈ ಚಟ ಯಲಹಂಕದ ನನ್ನ ಸೋದರಮಾವನಿಂದ ಅಂಟಿದ್ದು.

ಮಾವನ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಫಿಲ್ಟರ್ ಪೇಪರ್ ಇರುತ್ತಿತ್ತು. ಬಂಕಿನವನಿಂದ ಅದರ ಮೇಲೆ ಒಂದು ತೊಟ್ಟು ಪೆಟ್ರೋಲ್ ಬೀಳಿಸಿಕೊಂಡು, ಆರುವ ತನಕ ತೊಟ್ಟಿಲ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು. ಕಲೆ ಉಳಿದರೆ ಕಲಬೆರಕೆ. ಹಿಂದೆ ನಿಂತವರ ಹಾರ್ನು ಅವರ ಕಿವಿಗೆ ನಾದಸ್ವರ. ನೆಂಟರ ಮದುವೆಗಳಲ್ಲಿ ನಾನು ಇದನ್ನೆಲ್ಲ ನಟಿಸಿ ತೋರಿಸಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರೂ ಮಾವನೇ.

ಆ ಪೇಪರ್ ಹೊರಗೆ ಬಾರದಿದ್ದದ್ದು ಒಂದೇ ಕಡೆ: ಹುಣಸಮಾರನಹಳ್ಳಿಯ ಹತ್ತಿರದ ನಂಜಪ್ಪನ ಬಂಕಿನಲ್ಲಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಥವಾ ಓದದೆ ಇದ್ದವರು. ದಾರಿಯ ಬಂಕುಗಳನ್ನೆಲ್ಲ ದಾಟಿ ಮಾವನ ಕಾರು ಅಲ್ಲಿಗೇ ಹೋಗುತ್ತಿತ್ತು.

ಒಂದು ಭಾನುವಾರ ಆ ಕಾರನ್ನು ನಾನು ತಿರುಗಾಟಕ್ಕೆ ಒಯ್ದೆ. ಅಷ್ಟು ದೂರ ಯಾರು ಹೋಗುತ್ತಾರೆಂದು ಹೆಬ್ಬಾಳದಲ್ಲೇ ಟ್ಯಾಂಕು ತುಂಬಿಸಿದೆ. ವಾರದೊಳಗೆ ಕಾರು ಜಗ್ಗತೊಡಗಿತು, ಎಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿತು. ದಾಸರಹಳ್ಳಿಯ ಮೆಕ್ಯಾನಿಕ್ ಯಂತ್ರ ಜೋಡಿಸಿ ನೋಡಿ, ಹೊಗೆ ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿದೆ, ಪೆಟ್ರೋಲು ಸರಿಯಿಲ್ಲದೆ ಇರಬಹುದು, ವಯಸ್ಸಾಗಿಯೂ ಇರಬಹುದು ಎಂದ. "ಕೆಟ್ಟೋಗಿದೆ ಅಂತ ಮಿಷನ್ ಹೇಳುತ್ತೆ ಸಾರ್, ಯಾವ್ ಬಂಕು ಅಂತ ಹೇಳಲ್ಲ."

ಮಾವನಿಗೆ ಗೊತ್ತಿದ್ದಂತೆ ಆ ಕಾರು ಕುಡಿದದ್ದು ಒಂದೇ ಬಂಕಿನ ಪೆಟ್ರೋಲು. ಜಗಳವಾಡಲಿಲ್ಲ, ಆ ಬಂಕಿಗೆ ಹೋಗುವುದನ್ನು ನಿಲ್ಲಿಸಿದರು. ನಂಜಪ್ಪನ ಫೋನ್ ಬಂದರೆ ಮೊಬೈಲನ್ನು ಬೋರಲು ಹಾಕುತ್ತಿದ್ದರು. ಅವನ ಮೊಮ್ಮಗಳ ನಾಮಕರಣಕ್ಕೂ ಹೋಗಲಿಲ್ಲ. ನಾಮಕರಣದ ದಿನ ಒಗೆದ ಪಂಚೆ ಉಟ್ಟುಕೊಂಡು ಮನೆಯಲ್ಲೇ ಕೂತಿದ್ದರು. ಊರಿನವರ ದನಿಯೆಲ್ಲ ತೆಗೆಯುವ ನನಗೆ ನನ್ನ ದನಿ ಮಾತ್ರ ಹೊರಡಲಿಲ್ಲ.

ಕೊನೆಗೆ ಅದೇ ದಿನ ಸಂಜೆ ಕಾಫಿಯ ಹೊತ್ತಿಗೆ ಹೇಳಿಬಿಟ್ಟೆ. "ಮಾವ, ಅವತ್ತು ನಾನು ಹೆಬ್ಬಾಳದಲ್ಲಿ ಪೆಟ್ರೋಲ್ ಹಾಕ್ಸಿದ್ದೆ."

"ಇಷ್ಟ್ ದಿನ ಯಾಕೋ ಬಾಯ್ ಬಿಡ್ಲಿಲ್ಲ?"

"ಬೈತೀರ ಅಂತ."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಲೋಟ ಕೆಳಗಿಟ್ಟು, ಕಾರು ತೆಗೆಯಲು ಹೇಳಿದರು.

ನಂಜಪ್ಪ ಬಂಕಿನ ಮುಂದೆಯೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. "ಏನ್ಲಾ, ಇವತ್ತು ದಾರಿ ಗೊತ್ತಾಯ್ತಾ?"

ಮಾವ ಇಳಿದು ಅವನ ಎದುರು ನಿಂತರು. "ಬ್ಯಾರೆ ಕಡೆ ಪೆಟ್ರೋಲ್ ಆಕುಸ್ಕಂಡು ಗಾಡಿ ಕೆಡುಸ್ಕಂಡೆ ಕಣ್ಲಾ ನಂಜ. ನಿನ್ ಮ್ಯಾಲೆ ಅನುಮಾನ ಪಟ್ಬುಟ್ಟೆ."

ನನ್ನ ಹೆಸರು ಎತ್ತಲೇ ಇಲ್ಲ. ಸ್ಟೀರಿಂಗ್ ಹಿಡಿದು ಕೂತಿದ್ದ ನನ್ನನ್ನು ನಂಜಪ್ಪ ಒಂದು ಗಳಿಗೆ ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತು. "ಇಬ್ರೂ ಮನೇಗ್ ಬನ್ನಿ, ಮಗು ಎದ್ದೈತೆ," ಎಂದಷ್ಟೇ ಹೇಳಿದ.

ಅದಕ್ಕೇ ಇವತ್ತು ಬೆರಳು ಮೂಸಿದ ಮೇಲೆ ಕಾರಿನಲ್ಲಿ ಕೂತು ಮಾವನಿಗೆ ಫೋನ್ ಮಾಡಿ, ಆರ್.ಟಿ. ನಗರದಲ್ಲಿ ಪೆಟ್ರೋಲ್ ಹಾಕಿಸಿದೆ ಎಂದೆ. ಗಾಡಿಗೆ ಏನಾಯಿತು ಎಂದು ಗಾಬರಿಯಿಂದ ಕೇಳಿದರು. ಏನೂ ಆಗಿಲ್ಲ, ಸುಮ್ಮನೆ ಹೇಳಿದೆ ಎಂದೆ.