ಬ್ಯಾಂಡೇಜಿನಲ್ಲಿ ಉಳಿದ ಬಟ್ಟೆ

ಗೆಳೆಯರೇ, ಇವತ್ತು ನಮ್ಮ ಟೈಲರ್ ರಫೀಕ್ ಆಸ್ಪತ್ರೆಯವರಿಗೆ ಬುದ್ಧಿ ಹೇಳಲು ಹೋದ. ನೊಣವಿನಕೆರೆಯಿಂದ ಬರುವಾಗ ಸ್ಕೂಟರಿನಿಂದ ಬಿದ್ದು, ಮೊಣಕಾಲಿಗೆ ಆಪರೇಷನ್ ಆಗಿ ತಿಪಟೂರಿನಲ್ಲಿ ಮಲಗಿದ್ದಾನೆ. ನರ್ಸಮ್ಮ ದಿನಕ್ಕೊಂದು ಹೊಸ ಬ್ಯಾಂಡೇಜ್ ಸುರುಳಿ ಬಿಚ್ಚಿ, ಬೇಕಾದಷ್ಟು ಸುತ್ತಿ, ಉಳಿದದ್ದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಬಿಲ್ಲಿನಲ್ಲಿ ಮಾತ್ರ ಇಡೀ ಸುರುಳಿಯ ದುಡ್ಡು. ಇವತ್ತೂ ಹಾಗೇ ಆದಾಗ ರಫೀಕ್ ಎದ್ದು ಕೂತ.

"ಏನ್ ಸಿಸ್ಟರ್, ಇಷ್ಟೊಂದ್ ಬಟ್ಟೆ ದಂಡ ಮಾಡ್ತೀರಲ್ರೀ! ದುಡ್ಡು ಕೊಡೋನು ನಾನು. ಉಳಿದಿದ್ದು ನಂಗೆ ವಾಪಸ್ ಕೊಡ್ಬೇಕು ತಾನೇ?"

ಪಕ್ಕದ ಮಂಚದ ಕೊಬ್ಬರಿ ವ್ಯಾಪಾರಿ, "ಸರಿಯಾಗ್ ಕೇಳ್ದೆ ಬುಡು ಕಣಪ್ಪ," ಎಂದರು. ಅವನನ್ನು ನೋಡಲು ಹೋಗಿದ್ದ ನನಗೂ ಹೆಮ್ಮೆಯಾಯಿತು.

ನರ್ಸಮ್ಮ ಕತ್ತರಿ ಕೆಳಗಿಟ್ಟು ಅವನನ್ನೇ ನೋಡಿದರು. "ಕೊಡ್ತೀನಿ ಕಣ್ರೀ. ಹೋದ ತಿಂಗ್ಳು ನಿಮ್ಮಂಗ್ಡೀಲಿ ಎರಡು ರವಿಕೆ ಹೊಲಿಸ್ದೆ. ಅದ್ರಲ್ಲಿ ಉಳಿದ ಬಟ್ಟೆ ಎಲ್ರೀ?"

ರಫೀಕ್ ಮೆಲ್ಲಗೆ ಮಲಗಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. "ನಾಳೆಗೂ ಹೊಸ ಸುರುಳೀನೇ ಬಿಚ್ಚಿ ಸಿಸ್ಟರ್," ಎಂದ.

ನನ್ನ ಪ್ಯಾಂಟಿನ ಬಟ್ಟೆಯ ವಿಚಾರವನ್ನು ಅವನು ಎದ್ದು ಓಡಾಡುವಂತಾದ ಮೇಲೆ ಕೇಳುತ್ತೇನೆ.