ಮೀನು ಬಾಯಿ ಬಿಟ್ಟ ಬೆಳಗು

ನನ್ನ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಸೋತ ಮೇಲೆ ಅವರು ಇಷ್ಟಪಟ್ಟು ಹಾಸಿಗೆ ಬಿಟ್ಟು ಏಳುತ್ತಿದ್ದುದು ಒಂದೇ ಕೆಲಸಕ್ಕೆ, ಕಾಫಿ ತೋಟದ ಕೆರೆಯ ಮೀನಿಗೆ ತಿಂಡಿ ಹಾಕುವುದಕ್ಕೆ. ಸ್ಪ್ರಿಂಕ್ಲರಿಗೆಂದು ತೋಡಿಸಿದ ಕೆರೆ. ಅದಕ್ಕೆ ಮರಿ ತಂದು ಬಿಟ್ಟವರು ಜಾವಳಿಯಲ್ಲಿರುವ ಭಾವ, ಇವರ ಅಣ್ಣ. ತೌಡಿಗೆ ಕಡಲೆ ಹಿಂಡಿ ಕಲಸಿ, ಉಂಡೆ ಕಟ್ಟಿ ನಾನು ಬಕೆಟ್ ಹಿಡಿದರೆ, ಇವರು ನನ್ನ ಹೆಗಲು ಹಿಡಿದು ಬರುತ್ತಿದ್ದರು.

ಬೇಗ ಹೋದರೆ ಪ್ರಯೋಜನವಿಲ್ಲ. ಬಿಸಿಲು ಬಿದ್ದು ನೀರು ಸ್ವಲ್ಪ ಕಾದ ಮೇಲೆಯೇ ಮೀನಿಗೆ ಹಸಿವು. ಕಾಟ್ಲಾ ನೀರಿನ ಮೇಲೆಯೇ ಬಾಯಿ ಹಾಕುತ್ತದೆ, ರೋಹು ನಡುವಿನಲ್ಲಿ. ಗೆಂಡೆ ತಿನ್ನುವುದು ಕಾಣಿಸುವುದಿಲ್ಲ. ತಳದ ಕೆಸರು ಕೆದಕಿ ನೀರು ಕದಡುವುದಷ್ಟೇ ಕಾಣುತ್ತದೆ. ಉರಿಬಿಸಿಲಿಗೆ ಎಲ್ಲವೂ ಆಳಕ್ಕೆ. ಸಂಜೆ ಇನ್ನೊಮ್ಮೆ. ಮೋಡ ಮುಚ್ಚಿದ ದಿನ ಅರ್ಧವನ್ನೂ ಮುಟ್ಟುವುದಿಲ್ಲ.

"ನಿನ್ನ ಗಂಡ ಮೀನಿಗೆ ಹಾಕೋ ಹಿಂಡಿ ನನ್ನ ಎಮ್ಮೆಗೂ ಸಿಕ್ಕಿಲ್ಲ ಮಾರಾಯ್ತಿ," ಎಂದು ಭಾವ ನಗುತ್ತಿದ್ದರು.

ಈ ಸಲ ಜಡಿಮಳೆ ನಿಂತ ಮೇಲೂ ಮೋಡ ಸರಿಯಲಿಲ್ಲ. ಗಾಳಿಯೂ ಇಲ್ಲ. ಹಾಕಿದ ಉಂಡೆ ದಿನವೂ ಹಾಗೆಯೇ ಕರಗಿ ತಳ ಸೇರುತ್ತಿತ್ತು. ಮೀನು ಬರುವುದಿಲ್ಲವೆಂದು ಇವರೂ ಊಟ ಕಡಿಮೆ ಮಾಡಿದರು.

ಹೀಗಿರುವಾಗ ಒಂದು ದಿನ ಬೆಳಕು ಹರಿಯುತ್ತಿದ್ದಂತೆ ಇವರು ಕಿಟಕಿಯಿಂದ ನೋಡಿ ಕೂಗಿದರು. ಕೆರೆಯ ತುಂಬ ಮೀನು ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು.

"ಹಸ್ದಿದಾವೆ ಕಣೇ. ಬಾ, ಬೇಗ ಬಾ."

ತೊದಲು ಮಾತಿನಲ್ಲೂ ಸಂತೋಷ. ಒಂದು ಬಕೆಟ್ ಸಾಲದೆಂದು ಇನ್ನೊಂದನ್ನು ಕಲಸಿಸಿ, ಎರಡನ್ನೂ ಖಾಲಿ ಮಾಡಿದರು. ಒಂದು ಮೀನೂ ತಿನ್ನಲಿಲ್ಲ. ಉಂಡೆ ತಲೆಯ ಮೇಲೆ ಬಿದ್ದರೂ ಸರಿಯಲಿಲ್ಲ.

ಮಧ್ಯಾಹ್ನಕ್ಕೆ ಬಿಳಿ ಹೊಟ್ಟೆಗಳು ತೇಲಿದವು. ಫೋನ್ ಮಾಡಿದೆ, ಭಾವ ಜೀಪಿನಲ್ಲಿ ಬಂದರು. ಇವರು ಕೆರೆಯ ಮೆಟ್ಟಿಲಲ್ಲೇ ಕೂತಿದ್ದರು. ಭಾವ ನೀರು ಬೊಗಸೆಯಲ್ಲಿ ತೆಗೆದು ಮೂಸಿದರು.

"ಹೊಟ್ಟೆಗಲ್ಲ, ಉಸ್ರಿಗೆ ಬಾಯಿ ಬಿಟ್ಟಿದ್ದು ಇವು. ಬಿಸ್ಲಿಲ್ದೆ ನೀರಲ್ಲಿ ಗಾಳಿ ಕಮ್ಮಿಯಾಗಿದೆ. ಅದ್ರ ಮೇಲೆ ಹಿಂಡಿ ಬಿದ್ದು ಕೊಳೆತ್ರೆ ಇದ್ದದ್ದೂ ಹೋಗ್ತದೆ. ಪಂಪ್ ಹಾಕಿ ನೀರು ಚಿಮ್ಮಿಸ್ಬೇಕಿತ್ತು. ಯಾರು ಹಾಕಿದ್ದು ಇಷ್ಟು?"

"ನಾನೇ ಭಾವ," ಎಂದೆ.

"ಎಂಥ ಹೆಂಗ್ಸು ಮಾರಾಯ್ತಿ ನೀನು! ದಿನಾ ನೋಡುವವಳಿಗೆ ಅಷ್ಟೂ ಗೊತ್ತಾಗ್ಲಿಲ್ವಾ?"

"ಅವಳಲ್ಲ. ನಾನು," ಎಂದರು ಇವರು. ಒಂದಕ್ಷರವೂ ತೊದಲಲಿಲ್ಲ.

ಭಾವ ಬಲೆ ತರಲು ಜೀಪಿನ ಕಡೆ ಹೋದರು.

ಸತ್ತವನ್ನು ಕಾಫಿ ಗಿಡಗಳ ಮಧ್ಯೆ ಗುಂಡಿ ತೆಗೆದು ಹೂಳಿದೆವು. ಗೆಂಡೆಗಳು ಕೆಲವು ಉಳಿದಿವೆ. ಬಿಸಿಲು ಬಂದ ದಿನ "ಕೆದಕ್ತಿದಾವೆ, ಬನ್ನಿ" ಎಂದು ಕರೆಯುತ್ತೇನೆ. ಇವರು "ನೀನೇ ಹಾಕು" ಎಂದು ಗೋಡೆಯ ಕಡೆ ಹೊರಳುತ್ತಾರೆ. ಹಾಕಿ ಬರುತ್ತೇನೆ. ಇವರು ಬಚ್ಚಲಿಗೂ ಈಗ ಬರುವುದಿಲ್ಲ, ಹಾಸಿಗೆಯಲ್ಲೇ ಮೈ ಒರೆಸಬೇಕು. ನಿನ್ನೆ ಒರೆಸುವಾಗ ಸೊಂಟದ ಹತ್ತಿರ ಹಾಸಿಗೆ ಒತ್ತಿ ಚರ್ಮ ಕೆಂಪಾಗಿದ್ದುದು ಕಂಡಿತು.