ಕಿಟಕಿಗೆ ಬಳಿದ ವಿಭೂತಿ

ಕಿಟಕಿ ಎಂಬುದು ಹೊರಗಿನ ಲೋಕವನ್ನು ಒಳಗಿನವನಿಗೆ ತೋರಿಸಲೆಂದು ಮನುಕುಲ ಕಂಡುಕೊಂಡ ಘನವಾದ ಉಪಾಯ. ನಾನು ಗುಂಡ್ಲುಪೇಟೆಗೆ ತಂದಿದ್ದ ಕಿಟಕಿಯಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ.

ಅದು ಜರ್ಮೇನಿಯಂನ ಅಂಗೈಯಗಲದ ಬಿಲ್ಲೆ. ಕಣ್ಣಿಗೆ ಬರೀ ಲೋಹದ ತಟ್ಟೆ, ಶಾಖದ ಕಿರಣಗಳಿಗೆ ಗಾಜು. ಕತ್ತಲಲ್ಲಿ ಮೈಶಾಖದಿಂದಲೇ ಆನೆಯನ್ನು ಗುರುತಿಸುವ ಕ್ಯಾಮೆರಾದ ಮುಂದೆ ಅದನ್ನು ಕೂರಿಸಬೇಕು. ಒಂದು ಮುಖಕ್ಕೆ ಧೂಳು, ಮಳೆ ತಡೆಯುವ, ವಜ್ರದಂಥ ಇಂಗಾಲದ ಗಟ್ಟಿ ಲೇಪ. ಇನ್ನೊಂದಕ್ಕೆ ಕಿರಣ ಹಿಂದಕ್ಕೆ ಪುಟಿಯದಂತೆ ಮಾಡುವ ಮೆತ್ತನೆಯ ಲೇಪ. ಗಟ್ಟಿಯದು ಹೊರಗಿರಬೇಕು. ಮೆತ್ತನೆಯದಕ್ಕೆ ಒರಟು ಬೆರಳು ತಾಗಿದರೂ ಗೀರು. ನಮ್ಮ ಪ್ರಯೋಗಾಲಯದಲ್ಲಿ ಎರಡೂ ಲೇಪ ಸರಿಯಾಗಿ ಕೂತ ಬಿಲ್ಲೆ ಅದೊಂದೇ. ಮದ್ದೂರು ಕಾಡಿನ ದಾರಿಯಲ್ಲಿ, ಅರಣ್ಯ ಇಲಾಖೆಯ ಸಾಹೇಬರ ಎದುರು, ನಾನು ಬಂದ ಮೂರನೆಯ ದಿನ ಅದರ ಪರೀಕ್ಷೆ.

ಬಂದ ದಿನವೇ ಸಂಜೆ ಮಬ್ಬಿನಲ್ಲಿ ನಾನೇ ಅದನ್ನು ಜೀಪಿನ ಮೇಲಿನ ಕ್ಯಾಮೆರಾಕ್ಕೆ ಕೂರಿಸಿದ್ದೆ. ಮಾರನೆಯ ಬೆಳಿಗ್ಗೆ ಎದ್ದು ಬಂದರೆ ಆಯುಧಪೂಜೆ. ಜೀಪಿನ ಡ್ರೈವರ್ ಬಾಳೆಕಂದು ಕಟ್ಟಿ, ಸ್ಟೆಪ್ನಿ, ಜಾಕುಗಳಿಗೂ ಕುಂಕುಮವಿಟ್ಟು, ನನ್ನ ಬಿಲ್ಲೆಯ ತುಂಬ ಮೂರು ಬೆರಳೊತ್ತಿ ವಿಭೂತಿ ಎಳೆದಿದ್ದ. ಮೇಲೆ ಧಾರಾಳವಾಗಿ ಗಂಧ.

"ಏನಯ್ಯಾ ಇದು!"

"ಎಲ್ಲಕ್ಕೂ ಮಾಡ್ಬುಟ್ಟು ಇದೊಂದ್ನ ಬುಟ್ರೆ ಮುನಿಸ್ಕತದೆ ಸಾ. ಒರಸ್ಬುಡ್ಲಾ?" ಎಂದು ಹೆಗಲ ಟವೆಲ್ ಎಳೆದ.

"ಮುಟ್ಬೇಡ!"

ಹೊರಗಿರುವುದು ಗಟ್ಟಿ ಮುಖವೇ ತಾನೇ? ಗಟ್ಟಿಯದು ಕಪ್ಪುಬೂದು, ಮೆತ್ತನೆಯದಕ್ಕೆ ನೇರಳೆ ಛಾಯೆ, ನೋಡಿದರೆ ತಿಳಿಯುತ್ತದೆ. ನೋಡಲು ವಿಭೂತಿ ಬಿಡಬೇಕಲ್ಲ. ಕೂರಿಸುವಾಗ ಬಣ್ಣ ನೋಡಿದ್ದೆನೆಂದೇ ನೆನಪು. ಯಾವ ಬಣ್ಣವೆಂದು ನೆನಪಿಲ್ಲ. ಪ್ರಯೋಗಾಲಯಕ್ಕೆ ಫೋನ್ ಮಾಡೋಣವೆಂದರೆ ಎಸ್‌ಟಿಡಿ ಬೂತು ಹಬ್ಬಕ್ಕೆ ಬಾಗಿಲು ಹಾಕಿತ್ತು. ತೆರೆದಿದ್ದರೂ ಕೇಳುವುದು ಏನನ್ನು?

"ನೀರು ತಾ. ಮೇಲಿಂದ ಸುರಿ. ಕೈ ತಾಗಿಸ್ಬೇಡ."

"ಪೂಜೆ ಆಗಿ ಗಳಿಗೆ ಆಗಿಲ್ಲ, ಆಗ್ಲೇ ತೊಳ್ದಾರಾ? ಸಂಜೆಗಂಟ ಇರ್ಲಿ ಸಾ."

"ಸಂಜೆವರೆಗೆ ನಾನೇ ಇರಲ್ಲ ಕಣಯ್ಯ."

"ಎಲ್ಲಿಗೋದೀರಿ ಸಾ? ಇವತ್ತು ಬಸ್ಸೇ ಕಮ್ಮಿ."

ಗೊಣಗುತ್ತಲೇ ಚೊಂಬಿನಿಂದ ಸುರಿದ. ವಿಭೂತಿ ಇಳಿಯಿತು, ಗಂಧ ಜಪ್ಪಯ್ಯ ಎನ್ನಲಿಲ್ಲ. ಇನ್ನೊಂದು ಚೊಂಬು. ದೇವರ ಉಸಾಬರಿಗೇ ಹೋಗದ ನನ್ನ ಬಾಯಲ್ಲಿ ನಂಜುಂಡೇಶ್ವರನ ಹೆಸರು ಬಂದುಬಿಟ್ಟಿತು. ಡ್ರೈವರ್ ತೃಪ್ತಿಯಿಂದ ನನ್ನತ್ತ ನೋಡಿ ಮತ್ತೂ ಸುರಿದ.

ಗಂಧ ಜಾರಿದ ಕಡೆ ಕಪ್ಪುಬೂದು ಬಣ್ಣ ಕಂಡಿತು. ಗೀರು ಬಿದ್ದಿರಲಿಲ್ಲ. ಮರುದಿನ ಪರೀಕ್ಷೆ ನಡೆಯಿತು. ಆನೆ ಬರಲಿಲ್ಲ, ಪರದೆಯ ಮೇಲೆ ಒಂದು ಎಮ್ಮೆ ಸ್ಪಷ್ಟವಾಗಿ ಕಂಡಿತು.